ಯಲ್ದೂರಿನ ಡ್ರಾಪ್ಸ್ ರತ್ನಮ್ಮ

ನಮ್ಮ ದೊಡ್ಡಮ್ಮ ವೆಂಕಟರತ್ನಮ್ಮನಿಗೆ ಯಲ್ದೂರಿನಲ್ಲಿ ಎರಡು ಹೆಸರಿದ್ದವು. ಎದುರಿಗೆ ರತ್ನಕ್ಕ, ಬೆನ್ನ ಹಿಂದೆ ಡ್ರಾಪ್ಸ್ ರತ್ನಮ್ಮ. ಎರಡನೆಯ ಹೆಸರು ಒಮ್ಮೆ ಆಕೆಯ ಕಿವಿಗೆ ಬಿದ್ದಾಗ ಹೇಳಿದವರೇ ಹೆದರಿ ನಾಲಿಗೆ ಕಚ್ಚಿಕೊಂಡಿದ್ದರು. ದೊಡ್ಡಮ್ಮ ಮಾತ್ರ ಸೆರಗು ಸರಿಮಾಡಿಕೊಂಡು, "ಹ್ಞೂ ಮತ್ತೆ, ಡ್ರಾಪ್ಸ್ ಹಾಕೋಕೂ ಕೈಗುಣ ಬೇಕು ಕಣೋ" ಅಂದಿದ್ದಳು.

ಆ ಕೈಗುಣದ ಹುಚ್ಚನ್ನು ಆಕೆಗೆ ಹಚ್ಚಿದವಳು ಒಬ್ಬ ನರ್ಸು. ಹದಿನೈದು ವರ್ಷಗಳ ಹಿಂದೆ ದೊಡ್ಡಪ್ಪ ಕೋದಂಡರಾಮಪ್ಪನವರಿಗೆ ಕಣ್ಣಿನ ಪೊರೆ ತೆಗೆದಾಗ, ದಿನಕ್ಕೆ ಆರು ಸಲ ಡ್ರಾಪ್ಸ್ ಹಾಕುವ ಕೆಲಸ ದೊಡ್ಡಮ್ಮನ ಪಾಲಿಗೆ ಬಂತು. ಒಂದು ಹನಿಯೂ ಕೆನ್ನೆಗೆ ಜಾರದ ಹಾಗೆ ಹಾಕಿದ್ದನ್ನು ನೋಡಿ ಆ ನರ್ಸು, "ಅಮ್ಮ, ನಿಮ್ಮ ಕೈ ನಮ್ಮ ಕೈಗಿಂತ ಚೆನ್ನಾಗಿದೆ" ಅಂದುಬಿಟ್ಟಳು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟ ಹೆಂಗಸಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಿರಲಿಲ್ಲ. ದೊಡ್ಡಪ್ಪನ ಕಣ್ಣು ವಾಸಿಯಾದ ಮೇಲೂ ಆ ಕೈ ಸುಮ್ಮನಿರಲು ಒಪ್ಪಲಿಲ್ಲ.

ಮೊದಲು ದೊಡ್ಡಪ್ಪನ ಉಳಿದ ಬಾಟಲಿ. ಆಮೇಲೆ ಯಾರದೋ ಮಗುವಿಗೆ ತಂದು ಎರಡು ದಿನ ಹಾಕಿ ಬಿಟ್ಟದ್ದು. ಆಮೇಲೆ ಶ್ರೀನಿವಾಸಪುರದ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದ ಚಂದ್ರು "ಇದು ಬಲೇ ಸ್ಟ್ರಾಂಗು ರತ್ನಕ್ಕ" ಎಂದು ಚೀಟಿ ಗೀಟಿ ಕೇಳದೆ ಕೊಟ್ಟದ್ದು. ಎಲ್ಲವೂ ಒಂದು ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಸೇರಿದವು. ದೊಡ್ಡಮ್ಮನಿಗೆ ಲೇಬಲ್ಲಿನ ಇಂಗ್ಲಿಷ್ ಬರುತ್ತಿರಲಿಲ್ಲ. ಮುಚ್ಚಳದ ಬಣ್ಣ ನೋಡಿ ಗುರುತಿಟ್ಟುಕೊಂಡಿದ್ದಳು. ಕಣ್ಣು ಕೆಂಪಾದರೆ ಹಸಿರು ಮುಚ್ಚಳ, ಪಿಸುರು ಕಟ್ಟಿದರೆ ಬಿಳಿ ಮುಚ್ಚಳ, ಉರಿಗೆ ನೀಲಿ ಮುಚ್ಚಳ.

ಹಾಕುವ ವಿಧಾನವೂ ಆಕೆಯದೇ. ಬಂದವರನ್ನು ಜಗಲಿಯ ಮೇಲೆ ಕೂರಿಸಿ ತಲೆ ಹಿಂದಕ್ಕೆ ಬಗ್ಗಿಸಿ, ಹೆಬ್ಬೆರಳಿನಿಂದ ಕೆಳರೆಪ್ಪೆ ಎಳೆದು, "ಮೇಲ್ಗಡೆ ಕಾಗೆ ನೋಡು" ಅನ್ನುವಳು. ಅವರು ಇಲ್ಲದ ಕಾಗೆಯನ್ನು ಹುಡುಕುವಷ್ಟರಲ್ಲಿ ಹನಿ ಒಳಗೆ. ಉರಿಯುತ್ತದೆ ಎಂದು ಹೆದರುವವರಿಗೆ ಧೈರ್ಯ ತುಂಬಲು ಮೊದಲು ತನ್ನ ಕಣ್ಣಿಗೇ ಒಂದು ತೊಟ್ಟು ಹಾಕಿಕೊಂಡು, "ಏಮೀ ಕಾದು ಲೇ" ಅನ್ನುವಳು. ಏನೂ ಆಗಲ್ಲ ಬಿಡು ಎಂದು ತೆಲುಗಿನಲ್ಲಿ ಹೇಳಿದರೆ ಔಷಧಿ ಬೇಗ ಕೆಲಸ ಮಾಡುತ್ತದೆ ಎಂಬುದು ಆಕೆಯ ನಂಬಿಕೆ. ಕೆಂಪು ಇಳಿದ ತಕ್ಷಣ ಹಾಕುವುದು ನಿಲ್ಲುತ್ತಿತ್ತು. "ನಾಲ್ಕು ಸಲಕ್ಕೇ ವಾಸಿ ಆದ್ರೆ ಐದನೇದು ಯಾಕೆ ದಂಡ?" ಎಂದು ಬಾಟಲಿ ಡಬ್ಬಕ್ಕೆ ವಾಪಸು ಹೋಗುತ್ತಿತ್ತು.

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಬೋರ್ಡಿನ ಮೇಲೆ ಬ್ಯಾಕ್ಟೀರಿಯಾ ಬರೆದು ಮಕ್ಕಳಿಗೆ ಪಾಠ ಮಾಡಿ, ಸಂಜೆ ಮನೆಗೆ ಬಂದು ಕಣ್ಣು ತುರಿಸಿದರೆ ಅಮ್ಮನಿಗೆ ಗೊತ್ತಾಗದಂತೆ ಪಕ್ಕದ ಜಗಲಿಯಲ್ಲಿ ಕೂತು ಕಾಗೆ ನೋಡುತ್ತಿದ್ದವನು ನಾನೇ. ಇದನ್ನು ಒಪ್ಪಿಕೊಂಡೇ ಮುಂದಿನದು ಹೇಳಬೇಕು.

ಅಮ್ಮನಿಗೆ ಗೊತ್ತಾಗದಂತೆ ಎಂದೆನಲ್ಲ, ಅದಕ್ಕೆ ಕಾರಣವಿದೆ. ದೊಡ್ಡಪ್ಪ ಮತ್ತು ತೀರಿಕೊಂಡ ನಮ್ಮಪ್ಪ ಅಣ್ಣತಮ್ಮಂದಿರು. ಎರಡು ಮನೆಗಳ ನಡುವೆ ಒಂದೇ ಗೋಡೆ. ಒಂಬತ್ತು ವರ್ಷಗಳ ಹಿಂದೆ ನಮ್ಮಕ್ಕ ಧನಶ್ರೀಯ ನಿಶ್ಚಿತಾರ್ಥದ ಹಿಂದಿನ ದಿನ ಅಮ್ಮ ಒಲೆಯ ಹೊಗೆಯಲ್ಲಿ ಅಡುಗೆ ಮಾಡಿ ಮಾಡಿ ಕಣ್ಣು ಉರಿಯುತ್ತಿದೆ ಅಂದಳು. ದೊಡ್ಡಮ್ಮ ನೀಲಿ ಮುಚ್ಚಳದ ಬಾಟಲಿ ತಂದು ಎರಡೂ ಕಣ್ಣಿಗೆ ಧಾರಾಳವಾಗಿ ಹಾಕಿದಳು. ಬೆಳಗಾಗುವಷ್ಟರಲ್ಲಿ ಅಮ್ಮನ ಕಣ್ಣು ಬಜ್ಜಿಯ ಹಾಗೆ ಊದಿಕೊಂಡಿತ್ತು. ಮುಳಬಾಗಿಲಿನಿಂದ ಬಂದ ಬೀಗರ ಮುಂದೆ ಅಮ್ಮ ರೇಷ್ಮೆ ಸೀರೆ ಉಟ್ಟು, ನನ್ನ ಕಪ್ಪು ಕೂಲಿಂಗ್ ಗ್ಲಾಸ್ ಹಾಕಿಕೊಂಡು ತಾಂಬೂಲ ಬದಲಾಯಿಸಿದಳು. ಆಲ್ಬಮ್ಮಿನ ನಲವತ್ತೆಂಟು ಫೋಟೋಗಳಲ್ಲೂ ಅದೇ ಕನ್ನಡಕ. ಬೀಗಿತ್ತಿ ಇವತ್ತಿಗೂ ಅಮ್ಮನನ್ನು "ಆ ಸ್ಟೈಲಮ್ಮ" ಅನ್ನುತ್ತಾರಂತೆ.

"ಏನೋ ಕೆಟ್ಟಿದ್ದು ಹಾಕ್ಬಿಟ್ಟಳು" ಎಂದು ಅಮ್ಮ. "ಊರಿಗೆಲ್ಲ ಆಗಿಬರೋ ಔಷಧಿ ಇವಳಿಗೊಬ್ಬಳಿಗೆ ಆಗಲ್ಲ ಅಂದ್ರೆ ನಾನೇನ್ ಮಾಡ್ಲಿ" ಎಂದು ದೊಡ್ಡಮ್ಮ. ಅಂದಿನಿಂದ ಓರಗಿತ್ತಿಯರಿಬ್ಬರಿಗೂ ಮಾತಿಲ್ಲ. ಹಬ್ಬಕ್ಕೆ ಒಬ್ಬಟ್ಟು ಗೋಡೆ ದಾಟುತ್ತಿತ್ತು, ಮಾತು ದಾಟುತ್ತಿರಲಿಲ್ಲ. ಸುದ್ದಿ ಸಾಗಿಸುವುದು ನನ್ನ ಕೆಲಸ.

ಮದ್ರಾಸ್ ಐ ಊರಿಗೆ ಊರೇ ಹರಡಿದ ವರ್ಷ ದೊಡ್ಡಮ್ಮನ ಜಗಲಿಯ ಮುಂದೆ ಸಾಲು ನಿಂತಿತ್ತು. ಬೆಳಗ್ಗೆ ಹಾಲು ಹಾಕಲು ಹೋಗುವವರು, ಸ್ಕೂಲಿಗೆ ಹೋಗುವ ಮಕ್ಕಳು, ಗ್ರಾಮ ಪಂಚಾಯ್ತಿಯ ಸದಸ್ಯರು, ಎಲ್ಲರ ಕಣ್ಣಿಗೂ ಒಂದೇ ಬಾಟಲಿಯ ಒಂದೇ ಮೂತಿ. ಒಂದು ವಾರ, ಹತ್ತು ದಿನದಲ್ಲಿ ಎಲ್ಲರಿಗೂ ವಾಸಿಯಾಯಿತು. ಹೆಸರು ಎಷ್ಟು ಹಬ್ಬಿತೆಂದರೆ ಮಾಲೂರು ಕಡೆಯಿಂದ ಒಬ್ಬರು ಬೈಕಿನಲ್ಲಿ ಇಡೀ ಸಂಸಾರವನ್ನು ಕೂರಿಸಿಕೊಂಡು ಬಂದಿದ್ದರು. ದೊಡ್ಡಮ್ಮ ಆ ತಿಂಗಳು ನಡೆಯುತ್ತಿದ್ದ ರೀತಿಯೇ ಬೇರೆ.

ಅದರ ಮುಂದಿನ ಜೂನ್‌ನಲ್ಲಿ, ತೋಟದಲ್ಲಿ ಬೆನಿಷಾ ಮಾವು ಕೀಳುತ್ತಿದ್ದಾಗ, ಕೊಂಬೆಯ ಒಣಗಿದ ಕಡ್ಡಿಯೊಂದು ದೊಡ್ಡಮ್ಮನ ಎಡಗಣ್ಣಿಗೆ ಗೀರಿತು. ಹೆಚ್ಚೇನಲ್ಲ, ನೀರು ಬಂತು, ಸೆರಗಿನಿಂದ ಒರೆಸಿಕೊಂಡು ಬುಟ್ಟಿ ತುಂಬಿಸಿದಳು. ರಾತ್ರಿ ಮಲಗುವ ಮುಂಚೆ ಬಿಳಿ ಮುಚ್ಚಳ. ಮರುದಿನ ಕೆಂಪಾಗಿತ್ತು, ಹಸಿರು ಮುಚ್ಚಳ. ಮೂರನೇ ದಿನ ನೋವು ಹೆಚ್ಚಾಯಿತು, ಚಂದ್ರುವಿನ ಸ್ಟ್ರಾಂಗು. ಆರನೇ ದಿನದ ಹೊತ್ತಿಗೆ ಡಬ್ಬದ ಬಣ್ಣಗಳೆಲ್ಲ ಮುಗಿದಿದ್ದವು. ಕಣ್ಣು ಬಿಡಲಾಗುತ್ತಿರಲಿಲ್ಲ. ಜಗಲಿಗೆ ಬಂದವರ ಮುಂದೆ ಸೆರಗು ಎಳೆದುಕೊಂಡು, "ನಂಗೆ ಸ್ವಲ್ಪ ತಲೆನೋವು, ನಾಳೆ ಬನ್ನಿ" ಎಂದು ಕಳಿಸುತ್ತಿದ್ದಳು.

ದೊಡ್ಡಪ್ಪ ಹೆಚ್ಚು ಮಾತಿನವರಲ್ಲ. ಎಂಟನೇ ದಿನ ಬೆಳಗ್ಗೆ ನಾನು ಸ್ಕೂಲಿಗೆ ಹೊರಡುವಾಗ ಗೇಟಿನ ಹತ್ತಿರ ನಿಂತಿದ್ದರು.

"ಅಮರ, ನಿಮ್ಮ ದೊಡ್ಡಮ್ಮನ ಕಪ್ಪುಗುಡ್ಡೆ ಮೇಲೆ ನುಚ್ಚಕ್ಕಿಯಷ್ಟು ಬಿಳಿ ಕೂತಿದೆ ಕಣಪ್ಪ. ನಾನ್ ಹೇಳಿದ್ರೆ ಕೇಳಲ್ಲ."

ನಾನು ಹೋಗಿ ಸೆರಗು ಸರಿಸಿ ನೋಡಿದೆ. ರಜೆ ಚೀಟಿ ಕಳಿಸಿ, ದೊಡ್ಡಮ್ಮ ದೊಡ್ಡಪ್ಪ ಇಬ್ಬರನ್ನೂ ಕೋಲಾರದ ಬಸ್ಸಿಗೆ ಹತ್ತಿಸಿದೆ. ದೊಡ್ಡಮ್ಮ ಬರಲು ಒಪ್ಪಿದ್ದು ಒಂದೇ ಷರತ್ತಿಗೆ, ಡಬ್ಬವೂ ಜೊತೆಗೆ ಬರಬೇಕು. "ಡಾಕ್ಟ್ರಿಗೂ ಗೊತ್ತಾಗಲಿ, ನಾನೇನು ಔಷಧಿ ತಿಳೀದೋಳಲ್ಲ ಅಂತ."

ಕಣ್ಣಿನ ಡಾಕ್ಟರ ಹೆಸರು ಶೋಭಾರಾಣಿ. ಸಣ್ಣ ವಯಸ್ಸು, ಆದರೆ ಗದರಿಸುವುದರಲ್ಲಿ ಅನುಭವಸ್ಥೆ. ದೊಡ್ಡಮ್ಮನ ಗಲ್ಲವನ್ನು ಯಂತ್ರದ ಮೇಲೆ ಇಡಿಸಿ ಬಹಳ ಹೊತ್ತು ನೋಡಿದರು.

"ಹುಣ್ಣಾಗಿದೆ ಅಮ್ಮ. ಕರಿಗುಡ್ಡೆಯ ಮೇಲೆ. ಎಷ್ಟು ದಿನ ಆಯ್ತು?"

"ಎರಡು."

"ಎಂಟು" ಅಂದರು ದೊಡ್ಡಪ್ಪ ಹಿಂದಿನಿಂದ.

"ಏನು ಹಾಕಿದ್ರಿ?"

ದೊಡ್ಡಮ್ಮ ಇದಕ್ಕಾಗಿಯೇ ಕಾಯುತ್ತಿದ್ದವಳಂತೆ ಡಬ್ಬವನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು. ಇಪ್ಪತ್ತಮೂರು ಬಾಟಲಿಗಳು. ಡಾಕ್ಟರು ಒಂದೊಂದನ್ನೇ ಎತ್ತಿ ಓದತೊಡಗಿದರು. ಓದುತ್ತಾ ಹೋದಂತೆ ಅವರ ಹುಬ್ಬು ಮೇಲಕ್ಕೆ ಹೋಗುತ್ತಿತ್ತು.

"ಇದು ಅವಧಿ ಮುಗಿದು ಆರು ವರ್ಷ ಆಗಿದೆ. ಇದು ಹುಣ್ಣಿಗೆ ಹಾಕಿದ್ರೆ ಕಣ್ಣೇ ಹೋಗುತ್ತೆ. ಇದೂ ಇದೂ ಒಂದೇ ಔಷಧಿ, ಕಂಪನಿ ಬೇರೆ. ಇದು..." ನೀಲಿ ಮುಚ್ಚಳದ, ತಳದಲ್ಲಿ ಒಣಗಿ ಅಂಟಿದ್ದ ಬಾಟಲಿಯನ್ನು ಬೆಳಕಿಗೆ ಹಿಡಿದರು. "ಅಮ್ಮ, ಇದು ಕಿವಿಗೆ ಹಾಕೋದು. ಕಿವಿ ಗುಗ್ಗೆ ಕರಗಿಸೋ ಔಷಧಿ."

ದೊಡ್ಡಮ್ಮ ನನ್ನ ಕಡೆ ತಿರುಗಿದಳು. ನಾನು ಅವಳ ಕಡೆ ನೋಡಿದೆ. ಇಬ್ಬರ ಕಣ್ಣ ಮುಂದೂ ಆ ನಲವತ್ತೆಂಟು ಫೋಟೋಗಳು ಸಾಲಾಗಿ ಹಾದುಹೋದವು.

"ನಿಮ್ಮಮ್ಮನಿಗೆ ಹೇಳ್ಬೇಡ" ಅಂದಳು ಮೆಲ್ಲಗೆ.

ಕಣ್ಣಿಗೆ ಮರಗಟ್ಟುವ ಹನಿ ಹಾಕಿ, ಪುಟ್ಟ ಬ್ಲೇಡಿನಿಂದ ಹುಣ್ಣನ್ನು ಒಂದಿಷ್ಟು ಕೆರೆದು ಗಾಜಿನ ಮೇಲೆ, ತಟ್ಟೆಯ ಮೇಲೆ ಸವರಿದರು. ಕಡ್ಡಿ ತಾಗಿದ್ದರಿಂದ ಮೊದಲು ಶಿಲೀಂಧ್ರ ಇರಬಹುದೆಂದು ಅನುಮಾನವಿತ್ತಂತೆ. ಗಾಜಿನಲ್ಲಿ ಕಂಡದ್ದು ಬ್ಯಾಕ್ಟೀರಿಯಾ. "ಯಾವುದು ಅಂತ ಬೆಳೆಸಿ ನೋಡ್ತೀವಿ. ಎರಡು ಮೂರು ದಿನ ಬೇಕು. ಅಲ್ಲೀತನಕ ಇಲ್ಲೇ ಇರಿ" ಅಂದರು.

"ಬೆಳೆಸ್ತೀರಾ?" ದೊಡ್ಡಮ್ಮ ಗಾಬರಿಯಾದಳು. "ಸಾಯಿಸೋದು ಬಿಟ್ಟು ಬೆಳೆಸ್ತಾರಾ ಯಾರಾದ್ರೂ?"

"ಬೆಳೆಸಿ, ಯಾವ ಔಷಧಿಗೆ ಸಾಯುತ್ತೆ ಅಂತ ನೋಡಿ, ಆಮೇಲೆ ಸಾಯಿಸ್ತೀವಿ ಅಮ್ಮ. ನಿಮ್ಮ ಹಾಗೆ ಮುಚ್ಚಳ ನೋಡಿ ಅಲ್ಲ."

ವಾರ್ಡಿನಲ್ಲಿ ಎರಡು ದಿನ ಗಂಟೆಗೊಮ್ಮೆ ಡ್ರಾಪ್ಸ್ ಹಾಕಿದರು. ನುಚ್ಚಕ್ಕಿ ಸಣ್ಣದಾಗಲಿಲ್ಲ, ಸ್ವಲ್ಪ ಅಗಲವೇ ಆಯಿತು. ದೊಡ್ಡಮ್ಮನ ಮಾತು ಕಮ್ಮಿಯಾಗುತ್ತಾ ಬಂತು. ಪಕ್ಕದ ಮಂಚದವರ ಡ್ರಾಪ್ಸ್ ಹಾಕುವ ಹುಡುಗಿಗೆ "ರೆಪ್ಪೆ ಸರಿಯಾಗಿ ಎಳಿಯಮ್ಮ" ಎಂದು ತಿದ್ದುವುದನ್ನೂ ಬಿಟ್ಟಳು. ಆಗ ನನಗೆ ನಿಜವಾಗಿ ಭಯವಾಯಿತು.

ಮೂರನೇ ದಿನ ಮಧ್ಯಾಹ್ನ ಡಾಕ್ಟರು ಒಂದು ಹಾಳೆ ಹಿಡಿದು ಬಂದರು. ಮೇಲಿನಿಂದ ಕೆಳಗೆ ಔಷಧಿಗಳ ಹೆಸರು, ಪ್ರತಿಯೊಂದರ ಎದುರಿಗೂ ಒಂದೊಂದು ಅಕ್ಷರ. ದೊಡ್ಡಮ್ಮ ಒಳ್ಳೆಯ ಕಣ್ಣನ್ನು ಕಿರಿದು ಮಾಡಿ ನೋಡಿದಳು. ಆಕೆಗೆ ಇಂಗ್ಲಿಷಿನಲ್ಲಿ ಗೊತ್ತಿದ್ದದ್ದು ಎರಡೇ ಅಕ್ಷರ, ವಿ ಮತ್ತು ಆರ್. ಮದುವೆಯಲ್ಲಿ ಕೊಟ್ಟ ಸ್ಟೀಲು ಪಾತ್ರೆಗಳ ಮೇಲೆಲ್ಲ ಆಕೆಯ ಹೆಸರಿನ ಅವೇ ಎರಡು ಅಕ್ಷರ ಹೊಡೆಸಿದ್ದರು.

"ನೋಡು ಅಮರ" ಎಂದು ಎದ್ದು ಕೂತಳು. "ಆರ್, ಆರ್, ಆರ್, ಆರ್. ಸಾಲಾಗಿ ನನ್ನ ಹೆಸರೇ ಹಾಕವ್ರೆ. ಪರವಾಗಿಲ್ಲ, ದೊಡ್ಡಾಸ್ಪತ್ರೇಲೂ ಗೌರವ ಕೊಡ್ತಾರೆ."

ಡಾಕ್ಟರು ನಗು ತಡೆದುಕೊಂಡರು. "ಅಮ್ಮ, ಅದು ರತ್ನಮ್ಮ ಅಲ್ಲ. ರೆಸಿಸ್ಟೆಂಟ್. ಅಂದ್ರೆ ಈ ಔಷಧಿಗೆ ನಿಮ್ಮ ಕಣ್ಣಿನ ಕ್ರಿಮಿ ಬಗ್ಗಲ್ಲ, ಮಾತು ಕೇಳಲ್ಲ ಅಂತ."

"ಮಾತು ಕೇಳಲ್ಲ ಅಂದ್ರೆ ಇವಳ ಹೆಸರೇ ಬಿಡಿ" ಅಂದರು ದೊಡ್ಡಪ್ಪ.

ನಲವತ್ತು ವರ್ಷದ ಸಂಸಾರದಲ್ಲಿ ದೊಡ್ಡಪ್ಪ ಮಾಡಿದ ಮೊದಲ ತಮಾಷೆ ಅದೇ ಇರಬೇಕು. ಪಕ್ಕದ ಮಂಚದವರೂ ನಕ್ಕರು. ದೊಡ್ಡಮ್ಮನಿಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ.

ಡಾಕ್ಟರು ಮಂಚದ ತುದಿಯಲ್ಲಿ ಕೂತು ನಿಧಾನವಾಗಿ ಹೇಳಿದರು. ಅರ್ಧಂಬರ್ಧ ಔಷಧಿ ಹಾಕಿದರೆ ಮೆತ್ತಗಿನ ಕ್ರಿಮಿಗಳು ಸಾಯುತ್ತವೆ, ಗಟ್ಟಿಯವು ಉಳಿಯುತ್ತವೆ. ಉಳಿದ ಗಟ್ಟಿಯವೇ ಮರಿ ಹಾಕುತ್ತವೆ. ಮತ್ತೆ ಅದೇ ಔಷಧಿ, ಮತ್ತೆ ಅರ್ಧ. ಕೊನೆಗೆ ಆ ಔಷಧಿ ಅವಕ್ಕೆ ಲೆಕ್ಕಕ್ಕೇ ಬರುವುದಿಲ್ಲ. "ನಿಮ್ಮ ಯಜಮಾನ್ರು ಹೇಳಿದ್ರು. ಎಲ್ಲರಿಗೂ ತೋರಿಸೋಕೆ ಅಂತ ದಿನಾ ನಿಮ್ಮ ಕಣ್ಣಿಗೆ ಒಂದೊಂದು ತೊಟ್ಟು ಹಾಕ್ಕೊಂಡಿದ್ದೀರಲ್ಲ, ಅಲ್ಲಿರೋ ಕ್ರಿಮಿಗಳಿಗೆ ಅದು ಒಳ್ಳೇ ತಾಲೀಮು ಆಗಿರುತ್ತೆ."

ದೊಡ್ಡಪ್ಪ ಮುಂದಕ್ಕೆ ಬಂದರು. "ನಮ್ಮ ಮಾವಿನ ಜಿಗಿಹುಳ ಇದ್ದಂಗಾ ಮೇಡಂ? ಒಂದೇ ಔಷಧಿ ವರ್ಷಾ ವರ್ಷಾ ಹೊಡೆದೂ ಹೊಡೆದೂ, ಈಗ ಅದನ್ನ ಹೊಡೆದ್ರೆ ಸ್ನಾನ ಮಾಡಿದಂಗೆ ಮಾಡ್ಕೊಂಡು ಎದ್ದು ಹೋಗ್ತವೆ."

"ಅದೇ. ಸರಿಯಾಗಿ ಹೇಳಿದ್ರಿ."

ಜಿಗಿಹುಳದ ಹೆಸರು ಬಂದದ್ದೇ ದೊಡ್ಡಮ್ಮನಿಗೆ ಎಲ್ಲ ಅರ್ಥವಾಯಿತು. ಮರದ ತುಂಬ ಬಿಟ್ಟ ಹೂವು ಎರಡೇ ವಾರದಲ್ಲಿ ಕಪ್ಪಗಾಗಿ ಉದುರಿದ್ದನ್ನು ಕಂಡವಳು ಆಕೆ. ಕೈ ತಾನಾಗಿಯೇ ಎಡಗಣ್ಣಿನ ಕಡೆಗೆ ಹೋಯಿತು.

"ಹಂಗಾದ್ರೆ ಕಣ್ಣು?"

"ಒಂದು ಔಷಧಿಗೆ ಬಗ್ಗುತ್ತೆ. ಅಂಗಡೀಲಿ ಸಿಗಲ್ಲ, ಇಂಜೆಕ್ಷನ್ ಔಷಧಿಯಿಂದ ಇಲ್ಲೇ ಮಾಡಿ ಕೊಡ್ತೀವಿ. ಇವತ್ತಿಂದ ಶುರು."

ದೊಡ್ಡಮ್ಮ ಮತ್ತೊಮ್ಮೆ ಆ ಹಾಳೆಯ ಕಡೆ ನೋಡಿದಳು. ಆಮೇಲೆ ಕೇಳಿದಳು. "ನನಗೆ ಬಗ್ಗಲಿಲ್ಲ, ಸರಿ. ಆದ್ರೆ ಮದ್ರಾಸ್ ಐ ಬಂದಾಗ ಊರಿಗೆ ಊರನ್ನೇ ವಾಸಿ ಮಾಡಿದ್ನಲ್ಲ ಮೇಡಂ?"

ಶೋಭಾರಾಣಿಯವರಿಗೆ ಆ ಪ್ರಶ್ನೆಯ ಹಿಂದೆ ಏನಿದೆ ಎಂದು ಹೇಗೆ ಗೊತ್ತಾಗಬೇಕು? ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ಅದು ಹೆಚ್ಚಾಗಿ ವೈರಸ್ಸಿಂದ ಬರೋದು. ಈ ಔಷಧಿಗಳು ಅದಕ್ಕೆ ನಾಟೋದೇ ಇಲ್ಲ. ವಾರ ಹತ್ತು ದಿನಕ್ಕೆ ತಾನಾಗೇ ಹೋಗುತ್ತೆ. ನೀವು ಹಾಕಿದ್ರೂ ಹೋಗ್ತಿತ್ತು, ಹಾಕದೇ ಇದ್ರೂ ಹೋಗ್ತಿತ್ತು. ಒಂದೇ ಬಾಟಲಿ ಎಲ್ಲರಿಗೂ ಹಾಕಿದ್ದಕ್ಕೆ ಇನ್ನೂ ನಾಲ್ಕು ಜನಕ್ಕೆ ಹರಡಿರುತ್ತೆ."

ದೊಡ್ಡಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು. ಹುಣ್ಣು ಎಂದಾಗ, ಕೆರೆದಾಗ, ಕಣ್ಣು ಹೋಗಬಹುದು ಎಂದಾಗ ಅಳದವಳು ಆಗ ಅತ್ತಳು. ಹದಿನೈದು ವರ್ಷ ಬಿಸಿಲು ಮಳೆಯೆನ್ನದೆ ಜಗಲಿಯಲ್ಲಿ ಕೂತು ಮಾಡಿದ ಕೆಲಸ ಒಂದೇ ಮಾತಿಗೆ ಕಾಣೆಯಾಗಿತ್ತು. ದೊಡ್ಡಪ್ಪ ಕ್ಯಾಂಟೀನಿನಿಂದ ಕಾಫಿ ತಂದರು, ಆಕೆ ಕುಡಿಯುವವರೆಗೂ ಲೋಟ ಹಿಡಿದುಕೊಂಡೇ ನಿಂತಿದ್ದರು.

ಹೊಸ ಔಷಧಿ ಕೆಲಸ ಮಾಡಿತು. ನಾಲ್ಕು ದಿನಕ್ಕೆ ನೋವು ಇಳಿಯಿತು, ಬಿಳಿಯ ಅಂಚು ಕರಗತೊಡಗಿತು. ಮನೆಗೆ ಕಳಿಸುವಾಗ ಡಾಕ್ಟರು ಎರಡು ಬಾಟಲಿ ಕೊಟ್ಟು ಕೇಳಿದರು. "ಇದನ್ನ ಫ್ರಿಜ್ಜಲ್ಲೇ ಇಡಬೇಕು. ಎಚ್ಚರ ಇರೋವಾಗೆಲ್ಲ ಗಂಟೆಗೊಂದು ಸಲ ಹಾಕಬೇಕು. ಮನೇಲಿ ಫ್ರಿಜ್ ಇದೆಯಾ?"

ದೊಡ್ಡಮ್ಮನ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಅದನ್ನು ಆಕೆ ತಂಗಳು ಪೆಟ್ಟಿಗೆ ಎಂದು ಕರೆದು ಮನೆಗೆ ಸೇರಿಸಿರಲಿಲ್ಲ.

"ನಮ್ಮನೇಲಿದೆ" ಅಂದೆ.

"ಬೇಡ" ಅಂದಳು ದೊಡ್ಡಮ್ಮ. "ಐಸ್‌ಕ್ರೀಮ್ ಗಾಡಿ ಬರುತ್ತಲ್ಲ, ಅವನ ಪೆಟ್ಟಿಗೇಲಿ ಇಡೋಣ."

"ಅವನು ಗಂಟೆಗೊಂದು ಸಲ ಬರ್ತಾನಾ?" ಅಂದರು ದೊಡ್ಡಪ್ಪ. ವಾರ್ಡಿನಲ್ಲಿದ್ದು ಅವರೂ ಮಾತು ಕಲಿತಂತಾಗಿತ್ತು.

ನಾನು ಮನೆಗೆ ಬಂದು ಅಮ್ಮನಿಗೆ ಹೆದರುತ್ತಲೇ ವಿಷಯ ತಿಳಿಸಿದೆ. ಅಮ್ಮ ಮುತ್ಯಾಲಮ್ಮ ಬೆಳ್ಳುಳ್ಳಿ ಸುಲಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ಔಷಧಿ ಇಡು. ಫ್ರಿಜ್ಜಿಗೇನು ಕೋಪ ಇದೆಯಾ?" ಅಂದಳು. ಸಿಪ್ಪೆ ಪಕ್ಕಕ್ಕೆ ಸರಿಸಿ, "ಹಾಕೋರು ಯಾರು? ಭಾವನ ಕೈ ನಡುಗುತ್ತೆ. ನೀನು ಸ್ಕೂಲಿಗೆ ಹೋಗ್ತೀಯ" ಅಂದಳು.

ಉತ್ತರ ಆಕೆಗೇ ಗೊತ್ತಿತ್ತು.

ಮರುದಿನದಿಂದ ನಮ್ಮ ನಡುಮನೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಬಿತ್ತು. ಅಮ್ಮನ ಮೊಬೈಲಿನಲ್ಲಿ ಗಂಟೆಗೊಮ್ಮೆ ಕೋಳಿ ಕೂಗುವ ಅಲಾರಂ ಇಟ್ಟುಕೊಟ್ಟೆ. ಅದು ಕೂಗಿದ ಕೂಡಲೇ ದೊಡ್ಡಮ್ಮ ಹಿತ್ತಲ ಬಾಗಿಲಿಂದ ಬಂದು ಕೂರುವಳು. ಅಮ್ಮ ಸೋಪು ಹಾಕಿ ಕೈ ತೊಳೆದು, ಫ್ರಿಜ್ ತೆಗೆದು, ಹನಿ ಹಾಕಿ, ಮತ್ತೆ ಇಡುವಳು. ಮಾತಿಲ್ಲ. ದೊಡ್ಡಮ್ಮನಿಗೆ ಏನಾದರೂ ಹೇಳಲೇಬೇಕಾದರೆ ಅಮ್ಮ ಬಾಟಲಿಗೆ ಹೇಳುವಳು. "ತಲೆ ಇನ್ನೊಂಚೂರು ಎತ್ತಿದ್ರೆ ಒಳಗೆ ಬೀಳುತ್ತೆ." ದೊಡ್ಡಮ್ಮ ಸೂರಿಗೆ ಹೇಳುವಳು. "ಬಾಟಲಿ ಮೂತಿ ರೆಪ್ಪೆಗೆ ತಾಗಬಾರ್ದು ಅಂತ ಡಾಕ್ಟ್ರು ಹೇಳವ್ರೆ."

ಹೀಗೆ ಎರಡು ದಿನ. ಭಾನುವಾರ ನಾನೂ ಮನೆಯಲ್ಲಿದ್ದೆ. ಹನ್ನೊಂದರ ಕೋಳಿ ಕೂಗಿತು. ಅಮ್ಮ ಹನಿ ಹಾಕಿ, ಬಾಟಲಿ ಇಡಲು ಫ್ರಿಜ್ ತೆಗೆದಳು. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡೇ, ಯಾರಿಗೂ ಅಲ್ಲವೆಂಬಂತೆ ಅಂದಳು.

"ಆ ನೀಲಿ ಮುಚ್ಚಳದ್ದು ಕಿವಿದಂತೆ."

ಅಮ್ಮ ಫ್ರಿಜ್ಜಿನ ಬಾಗಿಲು ಹಿಡಿದು ನಿಂತಳು. "ಏನು?"

"ಧನಶ್ರೀ ನಿಶ್ಚಿತಾರ್ಥಕ್ಕೆ ಹಾಕಿದ್ನಲ್ಲ. ಕಿವಿ ಗುಗ್ಗೇದು. ನಂಗೆ ಗೊತ್ತಿರ್ಲಿಲ್ಲ ಮುತ್ಯಾಲು. ದೇವರಾಣೆ ಗೊತ್ತಿರ್ಲಿಲ್ಲ. ತಪ್ಪಾಯ್ತು."

"ಕಿವೀದಾ? ಕಿವೀದನ್ನ ನನ್ನ ಕಣ್ಣಿಗೆ ಹಾಕಿದ್ದಾ?" ಅಮ್ಮನ ಮುಖ ಕೆಂಪೇರಿತು. "ಒಂಬತ್ತು ವರ್ಷ ನಂದೇ ಕಣ್ಣು ಸರಿಯಿಲ್ಲ ಅಂತ ಊರೆಲ್ಲ ಹೇಳ್ಕೊಂಡು ಬಂದ್ಯಲ್ಲಕ್ಕ!" ಫ್ರಿಜ್ಜಿನ ಬಾಗಿಲು ದಡ್ಡೆಂದಿತು, ಒಳಗೆ ಮೊಟ್ಟೆಗಳು ಸದ್ದು ಮಾಡಿದವು. ಅಮ್ಮ ಅಡುಗೆಮನೆಗೆ ಹೋಗಿಬಿಟ್ಟಳು. ದೊಡ್ಡಮ್ಮ ಎದ್ದು ಹೋದಳು.

ಹನ್ನೆರಡರ ಕೋಳಿ ಕೂಗಿದಾಗ ದೊಡ್ಡಮ್ಮ ಬರುವುದಿಲ್ಲ ಎಂದುಕೊಂಡೆ. ಬಂದಳು. ಅಮ್ಮ ಹಾಕುವುದಿಲ್ಲ ಎಂದುಕೊಂಡೆ. ಹಾಕಿದಳು, ತುಟಿ ಬಿಗಿದುಕೊಂಡು. ಒಂದು ಗಂಟೆಯ ಕೋಳಿ ಕೂಗಿತು. ಅಮ್ಮ ರೆಪ್ಪೆ ಎಳೆದು ಬಾಟಲಿ ಎತ್ತಿದವಳು ಹಾಗೇ ನಿಂತಳು. ಆಕೆಯ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ನಾನು ಎದ್ದು ಹೋದೆ. ಅಮ್ಮ ನಗುತ್ತಿದ್ದಳು.

"ಅಕ್ಕ, ನಿಜ ಹೇಳು. ಆಮೇಲೆ ನನಗೆ ಕಣ್ಣಲ್ಲೇ ಕೇಳಿಸೋಕೆ ಶುರು ಆಗಿದ್ರೆ?"

ದೊಡ್ಡಮ್ಮ ತಲೆ ಎತ್ತಿದ ಹಾಗೇ ನಗತೊಡಗಿದಳು. ನಕ್ಕರೆ ಹನಿ ಹೊರಗೆ ಬರುತ್ತದೆ ಎಂದು ನಾನು ಬೈದೆ, ಇಬ್ಬರೂ ಲಕ್ಷ್ಯ ಕೊಡಲಿಲ್ಲ. ಆ ಗಂಟೆಯ ಹನಿಯನ್ನು ಎರಡು ಸಲ ಹಾಕಬೇಕಾಯಿತು. ಅಂದಿನಿಂದ ಕೋಳಿ ಕೂಗುವ ಮುಂಚೆಯೇ ದೊಡ್ಡಮ್ಮ ಬಂದು ಕೂರುತ್ತಿದ್ದಳು, ಕೂಗಿದ ಮೇಲೂ ಏಳುತ್ತಿರಲಿಲ್ಲ. ಒಂಬತ್ತು ವರ್ಷದ ಬಾಕಿ ಸುದ್ದಿ ಇಬ್ಬರಿಗೂ ಇತ್ತು. ನನ್ನ ಸುದ್ದಿ ಸಾಗಿಸುವ ಕೆಲಸ ಹೋಯಿತು.

ಕಣ್ಣು ವಾಸಿಯಾಗಲು ಎರಡು ತಿಂಗಳು ಹಿಡಿಯಿತು. ಗಂಟೆಗೊಂದು ಎರಡು ಗಂಟೆಗೊಂದಾಯಿತು, ಆಮೇಲೆ ದಿನಕ್ಕೆ ನಾಲ್ಕಾಯಿತು. ಕೆಂಪು ಹೋದ ದಿನ ದೊಡ್ಡಮ್ಮ ಹಳೆಯ ಅಭ್ಯಾಸದಿಂದ "ಇನ್ ಸಾಕು ಬಿಡು" ಅಂದಾಗ ಅಮ್ಮ ಬಾಟಲಿಯನ್ನೇ ಬೆತ್ತದಂತೆ ತೋರಿಸಿ ಕೂರಿಸಿದಳು. ಡಾಕ್ಟರು ನಿಲ್ಲಿಸಿ ಎನ್ನುವವರೆಗೂ ಒಂದು ಹನಿ ತಪ್ಪಲಿಲ್ಲ. ಕರಿಗುಡ್ಡೆಯ ಮೇಲೆ ಸಣ್ಣ ಮಚ್ಚೆ ಉಳಿದಿದೆ. ಆ ಕಣ್ಣಿಂದ ನೋಡಿದರೆ ಎಣ್ಣೆ ಕಾಗದದ ಹಿಂದಿನಿಂದ ನೋಡಿದ ಹಾಗಂತೆ. ಮುಖ ಗೊತ್ತಾಗುತ್ತದೆ, ಸೂಜಿಗೆ ದಾರ ಪೋಣಿಸಲಾಗುವುದಿಲ್ಲ. ಇನ್ನೆರಡು ದಿನ ತಡವಾಗಿದ್ದರೆ ಅಷ್ಟೂ ಉಳಿಯುತ್ತಿರಲಿಲ್ಲ ಎಂದು ಶೋಭಾರಾಣಿಯವರು ಹೇಳಿದರು.

ಇಪ್ಪತ್ತಮೂರು ಬಾಟಲಿಗಳನ್ನು ಆಸ್ಪತ್ರೆಯಲ್ಲೇ ಕೊಟ್ಟು ಬಂದೆವು. ಊರಿಗೆ ಬಂದ ಮೇಲೆ ಕೆಲವು ದಿನ ಜಗಲಿ ಖಾಲಿ ಬಿತ್ತು. ದೊಡ್ಡಮ್ಮ ಕೈ ಕಟ್ಟಿಕೊಂಡು ಕೂತಿರುವುದನ್ನು ನೋಡಲು ನನಗೇ ಕಷ್ಟವಾಗುತ್ತಿತ್ತು. ಯಾರಾದರೂ ಕೆಂಪು ಕಣ್ಣು ಹಿಡಿದುಕೊಂಡು ಬಂದರೆ, "ನನ್ನ ಹತ್ರ ಏನೂ ಇಲ್ಲಪ್ಪ, ಡಾಕ್ಟ್ರ ಹತ್ರ ಹೋಗಿ" ಎಂದು ಒಳಗೆ ಹೋಗುತ್ತಿದ್ದಳು. ಬಂದವರು ಡಾಕ್ಟರ ಹತ್ತಿರವೂ ಹೋಗುತ್ತಿರಲಿಲ್ಲ, ನೇರವಾಗಿ ಚಂದ್ರುವಿನ ಹತ್ತಿರ ಹೋಗುತ್ತಿದ್ದರು. ಅದು ಗೊತ್ತಾದ ದಿನ ದೊಡ್ಡಮ್ಮ ಶ್ರೀನಿವಾಸಪುರಕ್ಕೆ ಹೋಗಿ ಅಂಗಡಿಯ ಮುಂದೆ ನಿಂತು, ತನ್ನ ಮಚ್ಚೆ ಬಿದ್ದ ಕಣ್ಣನ್ನು ಅಗಲಿಸಿ ಅವನಿಗೆ ತೋರಿಸಿದಳು. "ನೋಡ್ಲಾ, ನಿನ್ನ ಸ್ಟ್ರಾಂಗು." ಈಗ ಯಲ್ದೂರಿನವರು ಯಾರು ಹೋದರೂ ಅವನು ಮೊದಲು ಚೀಟಿ ಕೇಳುತ್ತಾನೆ, ಆಮೇಲೆ ರಸ್ತೆಯ ಆಚೀಚೆ ನೋಡುತ್ತಾನೆ.

ಹೋದ ಫೆಬ್ರವರಿಯಲ್ಲಿ, ಕುರಿ ಮೇಯಿಸುವ ಮುನಿಯಲ್ಲಪ್ಪ ಒಂದು ಕಣ್ಣನ್ನು ಟವೆಲಿನಿಂದ ಒತ್ತಿಕೊಂಡು ಜಗಲಿಗೆ ಬಂದ. ಹುಲ್ಲಿನ ಅಂಚು ತಾಗಿ ಎರಡು ದಿನವಾಗಿತ್ತು.

"ಒಂದು ತೊಟ್ಟು ಹಾಕ್ಬಿಡು ರತ್ನಕ್ಕ. ನಾ ಹೊಂಟೋಗ್ತೀನಿ."

ದೊಡ್ಡಮ್ಮ ಟವೆಲು ಸರಿಸಿ ನೋಡಿದಳು. ಅವಳ ಮುಖ ಬದಲಾಯಿತು. "ನೋವಿದೆಯಾ? ಬೆಳಕು ಚುಚ್ಚುತ್ತಾ?"

"ಚುಚ್ಚುತ್ತೆ."

"ಎದ್ದೇಳು. ಹತ್ತೂವರೆ ಬಸ್ಸಿದೆ."

"ಕುರಿ?"

"ಮುತ್ಯಾಲು ನೋಡ್ಕೋತಾಳೆ." ಅಮ್ಮನನ್ನು ಕೇಳಿಯೇ ಇರಲಿಲ್ಲ. ಅಂದು ಅಮ್ಮ ಮೂವತ್ತೆರಡು ಕುರಿಗಳ ಹಿಂದೆ ಇಡೀ ದಿನ ಅಲೆದದ್ದು ಇನ್ನೊಂದು ಕತೆ.

ಮುನಿಯಲ್ಲಪ್ಪ ಎರಡು ಸ್ಟಾಪಿನಲ್ಲಿ ಇಳಿಯಲು ನೋಡಿದನಂತೆ. ದೊಡ್ಡಮ್ಮ ಅವನ ಟವೆಲಿನ ಒಂದು ತುದಿಯನ್ನು ತನ್ನ ಕೈಗೆ ಸುತ್ತಿಕೊಂಡಿದ್ದಳು. ಕೋಲಾರದಲ್ಲಿ ಯಾವ ಕೌಂಟರಿನಲ್ಲಿ ಚೀಟಿ, ಯಾವ ಬೆಂಚಿನಲ್ಲಿ ಕೂರಬೇಕು, ಎಲ್ಲ ಆಕೆಗೆ ಬಾಯಿಪಾಠ. ಸಾಲಿನಲ್ಲಿ ಕೂತವರಿಗೆಲ್ಲ ಜಿಗಿಹುಳದ ಕತೆ ಹೇಳಿದಳಂತೆ. ಒಳಗೆ ಶೋಭಾರಾಣಿಯವರು ಗೀರಷ್ಟೇ ಆಗಿದೆ, ಹುಣ್ಣಾಗಿಲ್ಲ, ಸರಿಯಾದ ಹೊತ್ತಿಗೆ ಬಂದಿರಿ ಎಂದು ಒಂದು ಬಾಟಲಿ ಬರೆದುಕೊಟ್ಟು, ಏಳು ದಿನ ಪೂರ್ತಿ ಹಾಕಲು ಹೇಳಿದರು. ಹೊರಡುವಾಗ ದೊಡ್ಡಮ್ಮನ ಕಡೆ ನೋಡಿ, "ವಾರಕ್ಕೊಬ್ಬರನ್ನ ಹೀಗೆ ಹಿಡ್ಕೊಂಡು ಬನ್ನಿ ಅಮ್ಮ" ಅಂದರಂತೆ.

ಆ ಮಾತನ್ನು ದೊಡ್ಡಮ್ಮ ಬಸ್ಸಿಳಿಯುವುದರೊಳಗೆ ಆರು ಜನಕ್ಕೆ ಹೇಳಿದ್ದಳು. ಸಂಜೆ ಟೀ ಅಂಗಡಿಯ ಮುಂದೆ ನಾನು ಮುನಿಯಲ್ಲಪ್ಪನನ್ನು ಕಂಡೆ. ಕಣ್ಣಿಗೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡು ನಾಲ್ಕು ಜನರ ನಡುವೆ ಕೂತಿದ್ದ.

"ಏನ್ ಮಾಡೋದು ಮೇಷ್ಟ್ರೇ" ಎಂದು ನನ್ನನ್ನು ಕಂಡು ಇನ್ನಷ್ಟು ಜೋರಾಗಿ ಹೇಳಿದ. "ನಿಮ್ಮ ದೊಡ್ಡಮ್ಮನಿಗೆ ಒಬ್ಬಳೇ ಕೋಲಾರಕ್ಕೆ ಹೋಗೋಕೆ ಭಯ ಅಂತೆ. ನಾನೇ ಜೊತೆಗೆ ಹೋಗಿ ಕರ್ಕೊಂಡು ಬಂದೆ."